ವೀಡ್ ಕಟರ್ ಬೋಲ್ಟಿಗೆ ಅಂಟು ಹಾಕಿ ನೋಡಿದವರು ಇದ್ದೀರಾ?

ಶಿರಸಿಯಿಂದ: ಅಡಿಕೆ ತೋಟದಲ್ಲಿ ಒಂದು ಟ್ಯಾಂಕ್ ಓಡಿಸುವಷ್ಟರಲ್ಲಿ ವೀಡ್ ಕಟರಿನ ಹ್ಯಾಂಡಲ್ ಬೋಲ್ಟು ಸಡಿಲಾಗುತ್ತದೆ. ಸ್ಪ್ರಿಂಗ್ ವಾಷರ್ ಹಾಕಿಯಾಯ್ತು. ಅಂಗಡಿಯವರು ಥ್ರೆಡ್ ಲಾಕರ್ ಹಾಕಿ ಅಂದರು, ಬೋಲ್ಟು ಸಡಿಲಾಗದಂತೆ ಥ್ರೆಡ್ಡಿಗೆ ಹಚ್ಚುವ ಅಂಟಂತೆ. ಹಾಕಿದರೆ ಮುಂದೆ ಬಿಚ್ಚಲಿಕ್ಕೆ ಬರುತ್ತದಾ? ಫೆವಿಕ್ವಿಕ್ ಸಾಲದಾ?

ಕಾರವಾರದಿಂದ: ಮೊದಲು ಅದನ್ನು ಸರಿಮಾಡಿ, ಆಮೇಲೆ ಮಷಿನ್ ಎತ್ತಿ. ಬ್ಲೇಡು ಓಡುವಾಗ ಹ್ಯಾಂಡಲ್ ಹೊರಳಿದರೆ ಕಾಲಿಗೇ ಬರುತ್ತದೆ. ಬೈತಖೋಲದಲ್ಲಿ ಬೋಟ್ ಇಂಜಿನ್ ಕೆಲಸ ಮಾಡುವವನು ನಾನು. ಅಡ್ಡಡ್ಡ ನಡುಗುವ ಕಡೆ ಸ್ಪ್ರಿಂಗ್ ವಾಷರ್ ನಂಬಬೇಡಿ. ನೀಲಿ ಅಂಟು ಹಾಕಿ, ಲಾಕ್‌ಟೈಟ್ 243ರ ಥರದ್ದು; ಮಾಮೂಲಿ ಪಾನಾದಲ್ಲೇ ಬಿಚ್ಚುತ್ತದೆ. ಕೆಂಪು ಹಾಕಿದರೆ ಬಿಚ್ಚುವಾಗ ಸುಮಾರು 250 ಡಿಗ್ರಿ ಕಾಯಿಸಬೇಕು. ಫೆವಿಕ್ವಿಕ್ ಒಣಗಿದರೆ ಪೆಡಸು, ನಡುಕಕ್ಕೆ ಒಡೆಯುತ್ತದೆ.

ಈ ಅಂಟು ಗಾಳಿ ಇದ್ದಲ್ಲಿ ಗಟ್ಟಿಯಾಗುವುದಿಲ್ಲ. ಗಾಳಿ ತಪ್ಪಿ ಲೋಹ ತಾಗಬೇಕು. ಬಾಟಲಿಯನ್ನು ಪೂರ್ತಿ ತುಂಬದೆ ಮಾರುವುದು ಅದಕ್ಕೇ, ಮೋಸವಲ್ಲ. ಹೊರಗೆ ಒಸರಿದ್ದು ಮರುದಿನವೂ ಹಸಿಯೇ ಇದ್ದರೆ ಹೆದರಬೇಡಿ, ಒರೆಸಿಬಿಡಿ.

ಕೆಲಸ ಕೆಡುವುದು ಎಣ್ಣೆಯಿಂದ. ಮಷಿನಿಗೆ ಹಾಕುವ ಪೆಟ್ರೋಲಿನಲ್ಲೇ ಬೋಲ್ಟು ತೊಳೆಯುವವರಿದ್ದಾರೆ. ಅದರಲ್ಲಿ ಟೂ ಸ್ಟ್ರೋಕ್ ಆಯಿಲ್ ಬೆರೆತಿರುತ್ತದೆ, ಪೆಟ್ರೋಲ್ ಆರಿದರೂ ಜಿಡ್ಡು ಥ್ರೆಡ್ಡಿನ ಸಂದಿಯಲ್ಲೇ ಕೂರುತ್ತದೆ. ಅಸಿಟೋನ್ ತಂದು ಹಳೇ ಹಲ್ಲಿನ ಬ್ರಷ್‌ನಲ್ಲಿ ತಿಕ್ಕಿ. ಬಿಳಿ ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲಬೇಕು. ನಟ್ಟು ಕೂರುವ ಜಾಗಕ್ಕೆ ಒಂದೆರಡು ಹನಿ ಸಾಕು. ತೂತು ಆಚೆ ತೆರೆದಿಲ್ಲದಿದ್ದರೆ ಹನಿಯನ್ನು ತೂತಿನೊಳಗೇ ಬಿಡಿ, ಬೋಲ್ಟಿಗಷ್ಟೇ ಹಚ್ಚಿದರೆ ಒಳಗಿನ ಗಾಳಿ ಅಂಟನ್ನು ಹೊರಗೆ ತಳ್ಳುತ್ತದೆ. ಬಿಗಿದ ಮೇಲೆ 24 ಗಂಟೆ ಮುಟ್ಟಬೇಡಿ. ಸ್ಟೇನ್‌ಲೆಸ್ ಬೋಲ್ಟಾದರೆ ಕಚ್ಚುವುದು ಇನ್ನೂ ನಿಧಾನ. ನಮ್ಮಲ್ಲಿ ಉಪ್ಪು ಗಾಳಿಗೆ ಅದೇ ಹಾಕಬೇಕು, ಹಾಗಾಗಿ ಅಂಟು ಬೇಗ ಕಚ್ಚಲಿ ಅಂತ ಮೊದಲು ಆಕ್ಟಿವೇಟರ್ ಹೊಡೆದುಕೊಳ್ಳುತ್ತೇನೆ.

ಅಂಕೋಲಾದಿಂದ: ಪ್ಲಾಸ್ಟಿಕ್‌ಗೆ ಮಾತ್ರ ತಾಗಿಸಬೇಡಿ. ಏರ್ ಫಿಲ್ಟರ್ ಮುಚ್ಚಳದ ಸ್ಕ್ರೂಗೆ ನಾನು ಹಾಕಿದ್ದೆ, ವಾರದೊಳಗೆ ತೂತಿನ ಸುತ್ತ ಕೂದಲೆಳೆಯಂಥ ಬಿರುಕು. ಬ್ಲೇಡಿನ ನಟ್ಟಿಗೂ ಬೇಡ, ಪದೇ ಪದೇ ಬಿಚ್ಚುವಂಥದ್ದು ಅದು. ಅಲ್ಲಿ ನೈಲಾಕ್ ನಟ್ಟಿದ್ದು (ಒಳಗೆ ನೈಲಾನ್ ಬಳೆ ಇರುವಂಥದ್ದು) ಕೈಯಲ್ಲೇ ತಿರುಗುವಷ್ಟು ಸಡಿಲಾದರೆ ಹೊಸದು ಹಾಕಿ.

ಶಿರಸಿಯಿಂದ: ಉಪಕಾರ ಆಯ್ತು. ಸೈಲೆನ್ಸರ್ ಬೋಲ್ಟಿಗೂ ನೀಲಿಯೇ ಆಗುತ್ತದಾ?

ಕಾರವಾರದಿಂದ: ಇಲ್ಲ, ಅಲ್ಲಿನ ಕಾವಿಗೆ ನೀಲಿ ತಡೆಯುವುದಿಲ್ಲ. ಇಂಜಿನ್ ತಣಿದ ಮೇಲೆ ಬಿಗಿದು, ಪ್ರತಿ ಸಲ ಪೆಟ್ರೋಲ್ ತುಂಬುವ ಮೊದಲು ಪಾನಾ ಹಾಕಿ ನೋಡಿ.