ಪೊಲೀಸ್ ಗುಂಡು, ಸುಟ್ಟ ಅಂಗಡಿ: ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ: ಸರ್, ಹಾಸನದ ಕಸ್ತೂರಬಾ ರಸ್ತೆ ಹತ್ತಿರ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. 2011ರಲ್ಲಿ ನಮ್ಮಣ್ಣ ಲಂಡನ್‌ನ ಕ್ರಾಯ್ಡನ್‌ನಲ್ಲಿದ್ದ. ಪೊಲೀಸರು ಒಬ್ಬನಿಗೆ ಗುಂಡು ಹೊಡೆದಿದ್ದಕ್ಕೆ ಊರೇ ಹೊತ್ತಿಕೊಂಡಿತು ಅಂತ ಈಗಲೂ ಹೇಳುತ್ತಾನೆ. ಅದಕ್ಕೆ ಅಂಗಡಿಗಳು ಯಾಕೆ ಸುಡಬೇಕಿತ್ತು? ನಮ್ಮಲ್ಲಿ ಹಾಗಾದರೆ ನಷ್ಟ ಯಾರು ಕೊಡುತ್ತಾರೆ?

ವಕೀಲರು: ಲಂಡನ್‌ನ ಟಾಟನ್‌ಹ್ಯಾಮ್‌ನಲ್ಲಿ ಮಾರ್ಕ್ ಡಗ್ಗನ್ ಅನ್ನೋನು ಆ ಪೊಲೀಸ್ ಗುಂಡಿಗೆ ಸತ್ತಿದ್ದು ಆಗಸ್ಟ್ 4ಕ್ಕೆ. ಬೆಂಕಿ ಬಿದ್ದಿದ್ದು 6ರ ರಾತ್ರಿ. ನಡುವಿನ ಎರಡು ದಿನ ನೋಡಿ. ಮನೆಯವರಿಗೆ ಪೊಲೀಸರು ಸರಿಯಾಗಿ ಸುದ್ದಿ ಮುಟ್ಟಿಸಲಿಲ್ಲ. ಎರಡೂ ಕಡೆಯಿಂದ ಗುಂಡು ಹಾರಿತು ಅನ್ನೋ ತಪ್ಪು ಸುದ್ದಿ ಪತ್ರಿಕೆಗಳಿಗೆ ಹೋಯಿತು. 6ರಂದು ಮನೆಯವರು, ನೆರೆಯವರು ಠಾಣೆ ಮುಂದೆ ಬಂದು ನಿಂತರು. ದೊಡ್ಡ ಅಧಿಕಾರಿ ಒಬ್ಬರು ಬಂದು ಮಾತಾಡಲಿ, ಅಷ್ಟೇ ಕೇಳಿದ್ದು. ಗಂಟೆಗಟ್ಟಲೆ ಕಾದರು. ಕತ್ತಲಾಗುತ್ತಿದ್ದ ಹಾಗೆ ಎರಡು ಪೊಲೀಸ್ ಕಾರು ಹೊತ್ತಿದವು. ಆಮೇಲೆ ಲೂಟಿಗೆ ಇಳಿದ ಎಷ್ಟೋ ಜನಕ್ಕೆ ಡಗ್ಗನ್ ಸಾವಿನ ಚಿಂತೆಯೇ ಇರಲಿಲ್ಲ. 8ಕ್ಕೆ ನಿಮ್ಮಣ್ಣನ ಕ್ರಾಯ್ಡನ್‌ನಲ್ಲಿ, 1867ರಿಂದ ಒಂದೇ ಮನೆತನ ನಡೆಸಿಕೊಂಡು ಬಂದ ರೀವ್ಸ್ ಫರ್ನಿಚರ್ ಅಂಗಡಿ ಸುಟ್ಟು ಬೂದಿಯಾಯಿತು. ಆ ಗಲಭೆಯಲ್ಲಿ 5 ಜನ ಸತ್ತರು.

ನನಗೆ ತುಂಬ ನೋವಾಗುವುದು ಆ ಠಾಣೆ ಬಾಗಿಲಿನ ಕಾಯುವಿಕೆ. ನಮ್ಮ ಸುಪ್ರೀಂ ಕೋರ್ಟ್ 2014ರಲ್ಲಿ ಎನ್‌ಕೌಂಟರ್ ಸಾವುಗಳ ಬಗ್ಗೆ ಕೊಟ್ಟ ನಿರ್ದೇಶನಗಳಲ್ಲಿ ಇದೂ ಇದೆ: ಸತ್ತವರ ಹತ್ತಿರದವರಿಗೆ ಆದಷ್ಟು ಬೇಗ ತಿಳಿಸಲೇಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆಯೂ ಆಗಬೇಕು.

ಪ್ರಶ್ನೆ: ಹಾಗಾದರೆ ಗುಂಡು ಹೊಡೆದಿದ್ದೇ ತಪ್ಪು ಅಂತ ತೀರ್ಮಾನ ಆಯ್ತಾ?

ವಕೀಲರು: ಇಲ್ಲ. 2014ರ ಜನವರಿಯಲ್ಲಿ, ಸಾವಿನ ವಿಚಾರಣೆಗೆ ಕೂತ ಜ್ಯೂರಿ (ಜನಸಾಮಾನ್ಯರ ಮಂಡಳಿ) 8–2ರಲ್ಲಿ ಕಾನೂನುಬದ್ಧ ಅಂದಿತು. ಆದರೆ ಗುಂಡು ಬಿದ್ದಾಗ ಅವನ ಕೈಯಲ್ಲಿ ಬಂದೂಕು ಇರಲಿಲ್ಲ ಅಂತಲೂ ಅದೇ ಜ್ಯೂರಿಯ ಬಹುಮತ ಹೇಳಿತು. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳೋದು ಮನೆಯವರಿಗೆ ಎಷ್ಟು ಕಷ್ಟ ಅಲ್ವಾ.

ಇನ್ನು ನಷ್ಟದ ಮಾತು. ಅಲ್ಲಿ 1886ರ ಒಂದು ಕಾಯ್ದೆ ಇತ್ತು, ಗಲಭೆಯ ನಷ್ಟ ಪೊಲೀಸ್ ನಿಧಿಯಿಂದಲೇ ಕೊಡಬೇಕು ಅಂತ. ನಮ್ಮಲ್ಲಿ ಹಾಗಿಲ್ಲ. 2009ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಹೈಕೋರ್ಟ್ ಕ್ಲೇಮ್ಸ್ ಕಮಿಷನರ್ (ನಷ್ಟ ಎಷ್ಟೆಂದು ಲೆಕ್ಕ ಹಾಕುವವರು) ನೇಮಿಸಿ, ಹಾನಿ ಮಾಡಿದವರಿಂದ ವಸೂಲಿ ಮಾಡಿಸಬಹುದು. 2020ರ ಬೆಂಗಳೂರು ಗಲಭೆ ಆದಮೇಲೆ ನೇಮಿಸಿದ್ದರು. ಆದರೆ ಆ ದಾರಿ ಉದ್ದ. ಸುಮ್ನೆ ಅದನ್ನೇ ನಂಬಿ ಕೂರಬೇಡಿ.

ನಿಮ್ಮ ಇನ್ಶೂರೆನ್ಸ್ ಪಾಲಿಸಿ ಇವತ್ತೇ ತೆಗೆದು ಓದಿ. 'ಗಲಭೆ, ಮುಷ್ಕರ, ದುರುದ್ದೇಶದ ಹಾನಿ' ಇದೆಯಾ? ಸ್ಟಾಕ್ ಪುಸ್ತಕದ ಫೋಟೋ, ಖರೀದಿ ಬಿಲ್ಲಿನ ನಕಲು ಮನೆಯಲ್ಲಿಡಿ. ಗಲ್ಲಾಪೆಟ್ಟಿಗೆ ಕೆಳಗಿಟ್ಟರೆ ಅಂಗಡಿ ಜೊತೆ ಅವೂ ಸುಡುತ್ತವೆ.