ಯೋಜನೆಯ ಹಣ ಬಂದ ಮೇಲೆ ಐಟಿಐಯ ಆಡಳಿತ ಯಾರ ಕೈಯಲ್ಲಿ?

ಪ್ರಶ್ನೆ: ಕಾಫಿ ಬೆಳೆಗಾರ, ಸೋಮವಾರಪೇಟೆ

ನಮ್ಮ ಭಾಗದ ಐಟಿಐ ಒಂದರ ನಿರ್ವಹಣಾ ಸಮಿತಿಗೆ ಸೇರುವಂತೆ ಪ್ರಾಚಾರ್ಯರು ನನ್ನನ್ನು ಕೇಳಿದ್ದಾರೆ. ಕಳೆದ ವಾರ ಕಾರ್ಯಾಗಾರ ನೋಡಲು ಹೋಗಿದ್ದೆ. ಯೋಜನೆಯ ಹಣದಲ್ಲಿ ಬಂದ ದೊಡ್ಡ ಯಂತ್ರವೊಂದು ತ್ರೀ ಫೇಸ್ ಸಂಪರ್ಕಕ್ಕಾಗಿ ಕಾಯುತ್ತಾ ಟಾರ್ಪಾಲಿನಡಿ ನಿಂತಿತ್ತು. ಅದರ ಪಕ್ಕದಲ್ಲೇ ಹುಡುಗರು ಹಳೆಯ ಲೇತ್ ಒಂದರ ಮುಂದೆ ಸರದಿಯಲ್ಲಿದ್ದರು. ಇದನ್ನು ಬೇಕೆಂದವರು ಯಾರು ಎಂದರೆ, "ಯೋಜನೆಯಲ್ಲೇ ಇತ್ತು" ಎಂದರು. ಹಾಗಾದರೆ ಸಮಿತಿ ಇರುವುದು ಯಾವುದಕ್ಕೆ?

ಉತ್ತರ: ನಿವೃತ್ತ ತರಬೇತಿ ಅಧಿಕಾರಿ, ಮಡಿಕೇರಿ

ಸರ್, ಈಗಿನ ರೂಪದ ಸಮಿತಿ ಬೆಳೆದದ್ದೇ ಯೋಜನೆಗಳಿಂದ. 2007-08ರಲ್ಲಿ ಕೇಂದ್ರ ಸರ್ಕಾರವು 1,396 ಸರ್ಕಾರಿ ಐಟಿಐಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸಲು ಹೊರಟಾಗ, ಪ್ರತಿ ಸಂಸ್ಥೆಗೆ 2.5 ಕೋಟಿ ರೂಪಾಯಿವರೆಗಿನ ಬಡ್ಡಿರಹಿತ ಸಾಲವನ್ನು, ಸಂಘವಾಗಿ ನೋಂದಾಯಿಸಿಕೊಂಡ ಸಮಿತಿಗೇ ನೇರವಾಗಿ ಕೊಟ್ಟಿತು. ಉದ್ಯಮದ ಪ್ರತಿನಿಧಿ ಅಧ್ಯಕ್ಷರು, ಪ್ರಾಚಾರ್ಯರು ಸದಸ್ಯ ಕಾರ್ಯದರ್ಶಿ, ಶೇ. 20ರವರೆಗಿನ ಪ್ರವೇಶವನ್ನು ನಿರ್ಧರಿಸುವ ಅಧಿಕಾರವೂ ಸಮಿತಿಗೆ ಸಿಕ್ಕಿತು. ಆದರೆ ಬೋಧಕರ ನೇಮಕಾತಿ, ವರ್ಗಾವಣೆ, ಸಂಬಳ ಸರ್ಕಾರದ ಬಳಿಯೇ ಉಳಿದವು. ಯಂತ್ರ ತರುವವರು ಒಬ್ಬರು, ಅದನ್ನು ಕಲಿಸುವವರನ್ನು ಕಳುಹಿಸುವವರು ಇನ್ನೊಬ್ಬರು. ನಿಮ್ಮ ಟಾರ್ಪಾಲಿನ ಹಿಂದೆ ಈ ಒಡಕೂ ಇರಬಹುದೆಂದು ನನ್ನ ಅನುಭವ ಹೇಳುತ್ತದೆ.

ಹತ್ತು ವರ್ಷದ ವಿರಾಮದ ನಂತರ ಆ ಸಾಲವನ್ನು 20 ವಾರ್ಷಿಕ ಕಂತುಗಳಲ್ಲಿ ಮರಳಿಸಬೇಕು. ಕಂತಿನ ಚಿಂತೆ ಹೊತ್ತ ಸಮಿತಿ, ಕಲಿಸುವುದಕ್ಕಿಂತ ಆದಾಯ ತರುವ ಕೆಲಸದ ಕಡೆಗೇ ವಾಲುವುದು ಸಹಜ.

ಉತ್ತರ: ವರ್ಕ್‌ಶಾಪ್ ಮಾಲೀಕ, ಕುಶಾಲನಗರ

ಹಿರಿಯರ ಮಾತಿಗೆ ಒಂದು ಸೇರ್ಪಡೆ. ಎಲ್ಲ ಹಣವೂ ಸಾಲವಲ್ಲ. ವಿಶ್ವಬ್ಯಾಂಕ್ ನೆರವಿನಲ್ಲಿ 400 ಐಟಿಐಗಳಿಗೆ ಬಂದದ್ದು ಅನುದಾನ. 2017ರಲ್ಲಿ ಕೇಂದ್ರ ಸಂಪುಟ ಒಪ್ಪಿದ 2,200 ಕೋಟಿ ರೂಪಾಯಿಯ ‘ಸ್ಟ್ರೈವ್’ ಎಂಬ ಕೌಶಲ ತರಬೇತಿ ಯೋಜನೆಯಲ್ಲಂತೂ ಹಣ ಎಣಿಸಿ ತೋರಿಸಬಹುದಾದ ಫಲಿತಾಂಶಕ್ಕೆ ಕಟ್ಟುಬಿದ್ದಿತ್ತು. ಎಣಿಕೆಗೆ ಹಣ ಕಟ್ಟಿದರೆ ಸಂಸ್ಥೆ ಎಣಿಕೆಗೆ ಸಿಗುವುದನ್ನೇ ಮಾಡುತ್ತದೆ. ನಮ್ಮಲ್ಲಿ ಕಲಿತ ಹುಡುಗ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟ ತೋಟಕ್ಕೆ ಹೋಗಿ ಸ್ಪ್ರಿಂಕ್ಲರ್ ಪಂಪ್‌ಸೆಟ್ ದುರಸ್ತಿ ಮಾಡುತ್ತಾನೆ, ಕೊಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಬಿಚ್ಚಿ ಸರಿಪಡಿಸುತ್ತಾನೆ. ಅವನ ಬಳಿ ನೇಮಕಾತಿ ಪತ್ರವಿಲ್ಲ, ಹಾಗಾಗಿ ಅವನ ದುಡಿಮೆ ಎಣಿಕೆಗೆ ಸಿಗುವುದಿಲ್ಲ. ದೊಡ್ಡ ಕಾರ್ಖಾನೆಗಳಿಲ್ಲದ ಕೊಡಗಿನಲ್ಲಿ ಬೆಳೆಗಾರರೇ ಉದ್ಯಮ. ಆದ್ದರಿಂದ ನೀವು ಖಂಡಿತ ಸೇರಬೇಕು.

ಉತ್ತರ: ಸಮಿತಿಯ ಮಾಜಿ ಸದಸ್ಯೆ, ವಿರಾಜಪೇಟೆ

ಸೇರುವ ಮೊದಲು ಮೂರು ದಾಖಲೆ ಕೇಳಿ: ಸಂಘದ ನಿಯಮಾವಳಿ, ಸರ್ಕಾರದೊಂದಿಗಿನ ಒಪ್ಪಂದ ಪತ್ರ, ಕಳೆದ ಎರಡು ವರ್ಷಗಳ ನಡಾವಳಿ ಪುಸ್ತಕ. ನಾನಿದ್ದ ಸಮಿತಿಯಲ್ಲಿ ಖರೀದಿ ಮುಗಿದ ಮೇಲೆ ನಡಾವಳಿಗೆ ಸಹಿ ಕೇಳುತ್ತಿದ್ದರು, ಮೊದಲ ವರ್ಷ ನಾನೂ ಹಾಕಿದೆ. ಎರಡನೇ ವರ್ಷ, ಯಂತ್ರ ಕೂರಿಸುವ ಜಾಗ, ವಿದ್ಯುತ್ತಿನ ಹೊರೆ ಮತ್ತು ಕಲಿಸುವ ಕಿರಿಯ ತರಬೇತಿ ಅಧಿಕಾರಿಯ ಹೆಸರು ಬರೆಯದ ಯಾವ ಬೇಡಿಕೆಯನ್ನೂ ಸಭೆಗೆ ತರಬಾರದೆಂದು ಪಟ್ಟು ಹಿಡಿದೆವು. ಪ್ರಾಚಾರ್ಯರೇ ಎಲ್ಲರಿಗಿಂತ ಮೊದಲು ಒಪ್ಪಿದರು.