ಸಾಂಬುರುವಿನ ಒಂಟಿ ಜೀಬ್ರಾ: ಗುಂಪಿನಿಂದ ಹೊರಬಿದ್ದದ್ದೇ?

ಹುಲ್ಲುಗಾವಲು: ಉತ್ತರ ಕೀನ್ಯಾದ ಸಾಂಬುರು ವಿಡಿಯೊಗಳಲ್ಲಿ ಒಂದು ಜೀಬ್ರಾ ಹಗಲೆಲ್ಲ ನೀರಿನ ಹತ್ತಿರ ಒಂಟಿಯಾಗಿ ನಿಂತಿರುತ್ತದೆ. ಆಚೆ ಉಳಿದವು ಗುಂಪಾಗಿ ಮೇಯುತ್ತಿರುತ್ತವೆ. ಗುಂಪಿನವು ಹೊರಗಟ್ಟಿದ ಮುದಿ ಗಂಡೇ ಅದು?

ಬಯಲುಸೀಮೆ: ಮೊದಲು ಹೊಟ್ಟೆ ನೋಡಿ. ಪಟ್ಟೆಗಳು ಕಿರಿದಾಗಿದ್ದು, ಹೊಟ್ಟೆಯ ಕೆಳಭಾಗ ಬರೀ ಬಿಳಿಯಾಗಿದ್ದು, ಕಿವಿ ದೊಡ್ಡದಾಗಿ ದುಂಡಗಿದ್ದರೆ ಅದು ಗ್ರೆವಿ ಜೀಬ್ರಾ. 350ರಿಂದ 450 ಕೆಜಿ ತೂಗುವ, ಕಾಡಿನ ಕುದುರೆ ಜಾತಿಗಳಲ್ಲೇ ದೊಡ್ಡ ಪ್ರಾಣಿ. ಬಯಲು ಜೀಬ್ರಾಕ್ಕೆ ಅಗಲ ಪಟ್ಟೆ, ಅದು ಹೊಟ್ಟೆಯಡಿಗೂ ಸುತ್ತಿಕೊಂಡಿರುತ್ತದೆ. ಬೆಟ್ಟದ ಜೀಬ್ರಾ ಅಲ್ಲಿಲ್ಲ, ಅದು ನಮೀಬಿಯಾ, ದಕ್ಷಿಣ ಆಫ್ರಿಕಾ ಕಡೆಯದು.

ಗ್ರೆವಿ ಗಂಡಾದರೆ ಯಾರೂ ಅದನ್ನು ಹೊರಗಟ್ಟಿಲ್ಲ. ಹಲವು ಚದರ ಕಿ.ಮೀ. ಜಾಗ ಹಿಡಿದು ಕಾಯುತ್ತಿದೆ, ಲದ್ದಿ ಗುಡ್ಡೆ ಹಾಕಿ ಗುರುತು ಮಾಡುತ್ತದೆ. ನೀರಿನ ಹತ್ತಿರವೇ ಏಕೆಂದರೆ, ಹಾಲುಣಿಸುವ ಹೆಣ್ಣು ನೀರು ಬಿಟ್ಟು ಹೆಚ್ಚು ದೂರ ಹೋಗಲಾರದು. ಹೆಣ್ಣುಗಳು ಬಂದು ಹೋಗುತ್ತವೆ, ಗಂಡು ಅಲ್ಲೇ ಉಳಿಯುತ್ತದೆ. ಬೇರೆ ಗಂಡು ಬಂದರೂ ಹೆಣ್ಣಿನ ತಂಟೆಗೆ ಹೋಗದಿದ್ದರೆ ಸುಮ್ಮನಿರುತ್ತದೆ.

ಲದ್ದಿಗುಡ್ಡೆ: ಬಯಲು ಜೀಬ್ರಾದ ಸಂಸಾರ ಇದಕ್ಕೆ ಪೂರ್ತಿ ತಿರುಗುಮುರುಗು. ಒಂದು ಗಂಡು, ಕೆಲವು ಹೆಣ್ಣು, ಮರಿಗಳು. ವರ್ಷಗಟ್ಟಲೆ ಅದೇ ಗುಂಪು. ಸಾಲಾಗಿ ನಡೆವಾಗ ಸಾಮಾನ್ಯವಾಗಿ ಮುಂದೆ ಹಿರಿಯ ಹೆಣ್ಣು, ಹಿಂದೆ ಗಂಡು. ಸಿಂಹ, ಕತ್ತೆಕಿರುಬ ಬೆನ್ನಟ್ಟಿದಾಗ ಅಡ್ಡ ಬಂದು ಒದೆಯುವುದು, ಕಚ್ಚುವುದು ಈ ಗಂಡೇ. ಕಿವಿ ಹಿಂದಕ್ಕೆ ಮಡಚಿ ತಲೆ ಚಾಚಿದರೆ ಕೆರಳಿದೆ ಎಂದು ತಿಳಿಯಿರಿ.

ಮರಿಯ ವಿಷಯ ಇಲ್ಲಿ ಹೇಳಲೇಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಯಾರನ್ನೂ ಹತ್ತಿರ ಬಿಡುವುದಿಲ್ಲ. ಮರಿ ಅವಳ ವಾಸನೆ, ದನಿ, ಪಟ್ಟೆ ಗುರುತು ಹಿಡಿಯುವ ಮುಂಚೆ ಇನ್ನೊಂದರ ಹಿಂದೆ ಹೋದರೆ ಹಾಲಿಲ್ಲದೆ ಸಾಯುತ್ತದೆ. ಗ್ರೆವಿ ತಾಯಂದಿರು ನೀರಿಗೆ ಹೋಗುವಾಗ ಕೆಲವೊಮ್ಮೆ ಮರಿಗಳನ್ನು ಒಟ್ಟಿಗೆ ಬಿಟ್ಟು ಹೋಗುತ್ತವೆ. ನೀವು ಕೇಳಿದಂಥ ಜಾಗ ಹಿಡಿದ ಗಂಡೇ ಆಗ ಅವುಗಳ ಪಕ್ಕ ನಿಂತಿರುವುದುಂಟು.

ಕಿರುಪಟ್ಟೆ: ಒಂಟಿ ಎಂದ ಮಾತ್ರಕ್ಕೆ ಗ್ರೆವಿ ಎನ್ನಬೇಡಿ. ಬಯಲು ಜೀಬ್ರಾದ ಗಂಡೂ ಆಗಾಗ ಒಂಟಿಯಾಗಿ ಸಿಗುತ್ತದೆ. ಸಾಂಬುರುವಿನ ದಕ್ಷಿಣಕ್ಕಿರುವ ಲೈಕಿಪಿಯಾ ಕಡೆ ಗ್ರೆವಿ ಗಂಡು, ಬಯಲು ಹೆಣ್ಣಿಗೆ ಹುಟ್ಟಿದ ಮಿಶ್ರತಳಿಯೂ ಇದೆ, ಅದರ ಪಟ್ಟೆ ಗ್ರೆವಿಗಿಂತ ಅಗಲ, ಬಯಲು ಜೀಬ್ರಾಕ್ಕಿಂತ ಕಿರಿದು. ಬೇರೆ ಬೇರೆ ದಿನದ ವಿಡಿಯೊಗಳಿಂದ ಬಲಮಗ್ಗುಲಿನ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಪಟ್ಟೆ ಎರಡು ಜೀಬ್ರಾಗಳಲ್ಲಿ ಒಂದೇ ಥರ ಇರುವುದಿಲ್ಲ. 2016ರಲ್ಲಿ ಕೀನ್ಯಾದ ಗ್ರೆವಿ ಗಣತಿ ನಡೆದದ್ದೂ ಬಲಮಗ್ಗುಲಿನ ಫೋಟೊದಿಂದಲೇ. ಎಡಬಲ ಬೆರೆಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎರಡೂ ಬದಿಯ ಪಟ್ಟೆ ಬೇರೆ. ಒಂದೇ ಗಂಡು ವಾರಗಟ್ಟಲೆ ಒಂದೇ ಜಾಗದಲ್ಲಿ ಕಂಡರೆ ಅದು ಅಲ್ಲಿಯ ಒಡೆಯ.